ಪಾಡ್‌ಕಾಸ್ಟ್ ರೊಕ್ಕ ರಾಣೆಬೆನ್ನೂರಿನಲ್ಲೇ ಇದೆ

ಪಾಡ್‌ಕಾಸ್ಟ್ ಮಾಡಿ ದುಡಿಯಬೇಕೆಂದು ಹೊರಟ ನಮ್ಮ ಕಡೆಯ ಹುಡುಗರಿಗೆ ನನ್ನದೊಂದು ಮಾತು: ಯೂಟ್ಯೂಬ್ ರೊಕ್ಕ ಹಾಕುತ್ತದೆಂದು ಕಾಯುತ್ತ ಕೂಡಬೇಡಿ. ರಾಣೆಬೆನ್ನೂರಿನ ಬೀಜದ ಅಂಗಡಿಗೆ ಹೋಗಿ ಕೇಳಿ.

ಹೇಳಲು ನಾನ್ಯಾರು? ಕರ್ಜಗಿಯವ. ಹಾವೇರಿ, ಬ್ಯಾಡಗಿ ಸುತ್ತಲಿನ ಹಳ್ಳಿಗಳ ಗೋಡೆಗೆ ಬೀಜ, ಗೊಬ್ಬರ, ಸಿಮೆಂಟಿನ ಜಾಹೀರಾತು ಬರೆದು ಹೊಟ್ಟೆ ಹೊರೆದವ. ಫ್ಲೆಕ್ಸ್ ಬಂದಮೇಲೆ ಬ್ರಷ್ಷಿಗೆ ಕೆಲಸ ಕಡಿಮೆ. ಆದರೆ ಈ ಸೀಮೆಯಲ್ಲಿ ಜಾಹೀರಾತಿಗೆ ಯಾರು, ಯಾವಾಗ ಗಂಟು ಬಿಚ್ಚುತ್ತಾರೆಂಬುದು ನನಗೆ ಗೊತ್ತು. ರೋಹಿಣಿ ಮಳೆಗೆ ಮುಂಚೆ ಬೀಜದವರು, ಮದುವೆ ಹಂಗಾಮಿಗೆ ಬಟ್ಟೆ ಬಂಗಾರದವರು. ಅವರು ಲಕ್ಷ ಮಂದಿಯನ್ನು ಕೇಳುವುದಿಲ್ಲ. ತಮ್ಮ ಗಿರಾಕಿ ಆ ದಾರಿಯಲ್ಲಿ ಓಡಾಡುತ್ತಾನೋ ಇಲ್ಲವೋ, ಅಷ್ಟನ್ನೇ ನೋಡುತ್ತಾರೆ.

ಯೂಟ್ಯೂಬಿನ ಲೆಕ್ಕ ಬೇರೆ. ಜಾಹೀರಾತಿನ ಪಾಲು ಬೇಕೆಂದರೆ 1,000 ಚಂದಾದಾರರು, ಜೊತೆಗೆ ಹಿಂದಿನ 12 ತಿಂಗಳಲ್ಲಿ 4,000 ತಾಸಿನ ವೀಕ್ಷಣೆ ಆಗಿರಬೇಕು. ಒಬ್ಬೊಬ್ಬರು 20 ನಿಮಿಷ ಕೇಳಿದರೂ 12,000 ಸಲ ಕೇಳಿಸಬೇಕಾಯಿತು. ಆಮೇಲೆ ಬರುವ ಪ್ರತಿ 100 ರೂಪಾಯಿಯಲ್ಲಿ 55 ನಿಮಗೆ, 45 ಅವರಿಗೆ. 100 ಡಾಲರ್ ಕೂಡುವ ತನಕ ಬ್ಯಾಂಕಿಗೆ ಏನೂ ಬೀಳುವುದಿಲ್ಲ. ಅದಕ್ಕೆ ಮೊದಲು ಕೈಗೆ ಸಿಗುವುದೆಂದರೆ ವಿಳಾಸ ಖಾತ್ರಿಗೆ ಗೂಗಲ್‌ನವರು ಅಂಚೆಯಲ್ಲಿ ಕಳಿಸುವ ಪಿನ್ ಸಂಖ್ಯೆಯ ಚೀಟಿ. ಆ ಚೀಟಿ ಬಂದದ್ದಕ್ಕೇ ಪೇಢೆ ಹಂಚಿದವರನ್ನು ಕಂಡಿದ್ದೇನೆ. ಇನ್ನು, ಇಂಥ ಕಂಪನಿಗಳು ಬೇಡವೆನಿಸಿದ ದಿನ ಅಂಗಡಿ ಮುಚ್ಚುತ್ತವೆ. ಗೂಗಲ್ ಪಾಡ್‌ಕಾಸ್ಟ್ಸ್ ಆ್ಯಪ್ 2024ರಲ್ಲಿ ಹಾಗೇ ಮುಚ್ಚಿತು.

ಕೇಳುವವರು ಎಲ್ಲಿದ್ದಾರೆ ಎನ್ನುತ್ತೀರಾ? ಹಂಗಾಮಿನಲ್ಲಿ ಬ್ಯಾಡಗಿಗೆ ಹೋಗಿ. ಮೂಗಿಗೆ ಸೆರಗು ಕಟ್ಟಿಕೊಂಡು, ಕೆಂಪು ರಾಶಿಯ ಸುತ್ತ ಕೂತು ಮೆಣಸಿನಕಾಯಿ ತುಂಬು ಬಿಡಿಸುವ ಹೆಣ್ಣುಮಕ್ಕಳನ್ನು ನೋಡಿ. ಎರಡೂ ಕೈ ಕೆಲಸದಲ್ಲಿ, ಕಣ್ಣು ಕಾಯಿಯ ಮೇಲೆ, ಕಿವಿ ಮಾತ್ರ ಖಾಲಿ. ಖಾರ ಹತ್ತಿದ ಬೆರಳಿನಿಂದ ಮೊಬೈಲ್ ಮುಟ್ಟುವಂತಿಲ್ಲ. ಹಾಗಾಗಿ ಯಾರೋ ಹಚ್ಚಿಟ್ಟದ್ದು ತಾಸುಗಟ್ಟಲೆ ನುಡಿಯುತ್ತಿರುತ್ತದೆ. ರಾಣೆಬೆನ್ನೂರು ಸುತ್ತ ಹೈಬ್ರಿಡ್ ಬೀಜಕ್ಕೆಂದು ಹೂವಿಂದ ಹೂವಿಗೆ ಕ್ರಾಸಿಂಗ್ ಮಾಡುವವರದ್ದೂ, ಹಾವೇರಿಯಲ್ಲಿ ಏಲಕ್ಕಿ ಹಾರ ಕಟ್ಟುವವರದ್ದೂ ಇದೇ ಸ್ಥಿತಿ. ವಿಡಿಯೊ ನೋಡಲು ಇವರಿಗೆ ಪುರುಸೊತ್ತಿಲ್ಲ, ಕೇಳಲು ಇಡೀ ದಿನವಿದೆ. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿ ಇವರ ಅವ್ವ, ಅಜ್ಜಿಯರಿಗೆ ಕೇಳುವ ರೂಢಿ ಹಾಕಿಯೇ ಇತ್ತು.

ನಮ್ಮ ಹುಡುಗರು ಇವರಿಗೇನು ಕೇಳಿಸುತ್ತಿದ್ದಾರೆ? ದೊಡ್ಡ ಮೈಕು ಇಟ್ಟುಕೊಂಡು, ನಾಲಿಗೆಗೆ ಬೆಂಗಳೂರಿನ ಕನ್ನಡ ಹಚ್ಚಿಕೊಂಡು, ಯಶಸ್ಸಿನ ಗುಟ್ಟು! 2024ರ ಮಾರ್ಚ್‌ನಲ್ಲಿ ಮೆಣಸಿನಕಾಯಿ ದರ ಬಿದ್ದು, ರೊಚ್ಚಿಗೆದ್ದ ರೈತರು ಬ್ಯಾಡಗಿ ಎಪಿಎಂಸಿಯಲ್ಲಿ ವಾಹನಗಳಿಗೆ ಬೆಂಕಿ ಹಚ್ಚಿದರು. ದರ ಯಾಕೆ ಬಿತ್ತು, ಕೋಲ್ಡ್ ಸ್ಟೋರೇಜಿನಲ್ಲಿ ಮಾಲೆಷ್ಟು, ಕಡ್ಡಿ ತಳಿಗೂ ಡಬ್ಬಿ ತಳಿಗೂ ಬೇಡಿಕೆ ಹೇಗಿದೆ ಎಂದು ವಾರಕ್ಕೊಮ್ಮೆ ನಮ್ಮ ಮಾತಿನಲ್ಲಿ ಬಿಡಿಸಿ ಹೇಳಿದರೆ ರೈತ ಕೇಳುತ್ತಾನೆ. ರೈತ ಕೇಳಿದರೆ ಬೀಜದ ಅಂಗಡಿಯವ ರೊಕ್ಕ ಕೊಡುತ್ತಾನೆ. ಇದಕ್ಕೆ ಐನೂರು ಖರೇ ರೈತರು ಸಾಕು. ಆದರೆ ಯಾರ ರೊಕ್ಕವೆಂದು ಮೊದಲೇ ಹೇಳಿಬಿಡಿ. ಅವರ ಬೀಜ ಮೊಳೆಯದಿದ್ದರೆ ಅದನ್ನೂ ಹೇಳುತ್ತೇನೆಂದು ಕರಾರು ಮಾಡಿಕೊಳ್ಳಿ. ಒಪ್ಪದವರ ರೊಕ್ಕ ಬೇಡ.

ಖರ್ಚು ಹೆಚ್ಚಿಲ್ಲ. ಮೊಬೈಲು, ಅಂಗಿಗೆ ಸಿಕ್ಕಿಸುವ ಸಣ್ಣ ಮೈಕು, ದನಿ ಗೋಡೆಗೆ ಬಡಿದು ಮಾರ್ದನಿಸದಂತೆ ತೂಗುಹಾಕಲು ಅವ್ವನ ಎರಡು ಕೌದಿ. ಕರ್ಜಗಿಯಲ್ಲಿ ನಡುವೆ ಹುಬ್ಬಳ್ಳಿ ಗಾಡಿ ಸೀಟಿ ಹೊಡೆದರೆ ಹೊಡೆಯಲಿ, ಊರು ಯಾವುದೆಂದು ಗೊತ್ತಾಗುತ್ತದೆ. ಪಾಡ್‌ಕಾಸ್ಟ್ ಕಲಿಸುತ್ತೇವೆಂದು ಕೋರ್ಸು ಮಾರುವವರಿಗೆ ಮಾತ್ರ ಒಂದು ಪೈಸೆಯನ್ನೂ ಕೊಡಬೇಡಿ.

ಹಾಡು ಹಾಕುವಾಗ ಎಚ್ಚರವಿರಲಿ. ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಪದಗಳಿಗೆ ಇವತ್ತು ಒಡೆಯರಿಲ್ಲ. ಆದರೆ ಸಿ. ಅಶ್ವತ್ಥ್ ಹಾಡಿದ ಧ್ವನಿಮುದ್ರಣಕ್ಕೆ ಒಡೆಯರಿದ್ದಾರೆ. ಅದನ್ನು ಹಾಗೇ ಎತ್ತಿ ಹಾಕಿದರೆ ನಿಮ್ಮ ಕಂತಿನ ಜಾಹೀರಾತಿನ ಹಣ ಅವರ ಪಾಲಾಗಬಹುದು. ಊರ ಭಜನಾ ಮೇಳದವರಿಂದ ಹಾಡಿಸಿ, ಅವರಿಗೂ ನಾಲ್ಕು ಕಾಸು ಕೊಡಿ.

ಕೇಳುಗರ ಮುಂದೆಯೇ ಕೈಯೊಡ್ಡಲು ನಾಚಿಕೆ ಎನ್ನುವವರಿದ್ದಾರೆ. ಗಳಗನಾಥರು ನಾಚಲಿಲ್ಲ. ನಮ್ಮ ಹಾವೇರಿ ತಾಲೂಕಿನವರೇ, ಶಾಲಾ ಮಾಸ್ತರರಾಗಿದ್ದವರು. ಅಗಡಿಯ ಆನಂದವನದಿಂದ ‘ಸದ್ಬೋಧ ಚಂದ್ರಿಕೆ’ ಪತ್ರಿಕೆ ನಡೆಸಿದರು, ಕಾದಂಬರಿ ಬರೆದರು, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಓದು ಬಲ್ಲವರೇ ಕಡಿಮೆಯಿದ್ದ ಕಾಲವದು. ಸಿರಿವಂತರಾಗಲಿಲ್ಲ, ಅದನ್ನೂ ಮುಚ್ಚಿಡಬಾರದು. ನಿಮಗೆ ಹೊರುವ ಕಷ್ಟವಿಲ್ಲ, ಫೋನ್‌ಪೇ ಇದೆ. ತಿಂಗಳಿಗೆ ಇಪ್ಪತ್ತು ರೂಪಾಯಿ ಕೇಳಿ ನೋಡಿ. ಕೊಡುವಷ್ಟು ಮಂದಿ ಸಿಗುವ ತನಕ ಇದ್ದ ಕೆಲಸ ಬಿಡಬೇಡಿ.

ಏನು ಮಾತಾಡುವುದೆಂದು ತೋಚದವರಿಗೆ ಇನ್ನೊಂದು ದಾರಿಯಿದೆ. ಲೇಖಕ ತೀರಿಕೊಂಡು 60 ವರ್ಷ ಕಳೆದರೆ ಕೃತಿಯ ಹಕ್ಕುಸ್ವಾಮ್ಯ ಮುಗಿಯುತ್ತದೆ ಎನ್ನುತ್ತದೆ ನಮ್ಮ ಕಾಯ್ದೆ. ಗಳಗನಾಥರು ತೀರಿಕೊಂಡದ್ದು 1942ರಲ್ಲಿ. ಅವರ ‘ಮಾಧವ ಕರುಣಾವಿಲಾಸ’ ಕಾದಂಬರಿಯನ್ನು ಕಂತು ಕಂತಾಗಿ ಓದಿ ಕೇಳಿಸಲು ಇವತ್ತು ಯಾರ ಅಪ್ಪಣೆಯೂ ಬೇಡ.