ಆಸ್ಪತ್ರೆಯ ಅಂಗಳದಲ್ಲಿ ಹರಿವೆ ಮಡಿ

ಮಣ್ಣಲ್ಲಿ ಕೈಯಾಡಿಸಿದರೆ ಮನಸ್ಸು ಹಗುರಾಗುತ್ತದೆ ಎಂದು ಅಂಕೋಲೆಯ ಹಾಲಕ್ಕಿ ಸಮುದಾಯದ ಅಜ್ಜಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ತೋಟಗಾರಿಕಾ ಚಿಕಿತ್ಸೆ ಎಂಬ ವಿದ್ಯೆ ಅಷ್ಟಕ್ಕೇ ನಿಲ್ಲುವುದಿಲ್ಲ. ಯಾವ ರೋಗಿಗೆ ಯಾವ ಗಿಡ, ಎಷ್ಟು ಹೊತ್ತಿನ ಕೆಲಸ, ವಾರ ಕಳೆದ ಮೇಲೆ ಕೈಯಲ್ಲಿ, ಮಾತಿನಲ್ಲಿ, ನಿದ್ದೆಯಲ್ಲಿ ಏನು ಬದಲಾಯಿತು ಎಂಬುದನ್ನೆಲ್ಲ ಗಮನಿಸಿ ಬರೆದಿಡಬೇಕು. ವಿಶ್ವವಿದ್ಯಾಲಯ ಕಲಿಸಬೇಕಾದದ್ದು ಇದನ್ನು. ಅಮೆರಿಕದ ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯ ಮೆನಿಂಗರ್ ಮನೋವೈದ್ಯಕೀಯ ಸಂಸ್ಥೆಯ ಜೊತೆಗೂಡಿ 1970ರ ದಶಕದ ಆರಂಭದಲ್ಲೇ ಇದನ್ನು ಪದವಿ ಪಾಠವಾಗಿಸಿತು. ನಮ್ಮ ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದಲ್ಲೂ ತೋಟದ ಕೆಲಸ ಇದೆ.

1984ರಲ್ಲಿ ರೋಜರ್ ಉಲ್ರಿಚ್ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ದಾಖಲೆ ಪರಿಶೀಲಿಸಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧ. ಕಿಟಕಿಯಾಚೆ ಮರ ಕಂಡವರು ಇಟ್ಟಿಗೆ ಗೋಡೆ ಕಂಡವರಿಗಿಂತ ಬೇಗ ಮನೆಗೆ ಹೋಗಿದ್ದರು, ನೋವಿನ ಬಲವಾದ ಔಷಧಿಯೂ ಅವರಿಗೆ ಕಡಿಮೆ ಸಾಕಾಗಿತ್ತು. ಬರೀ ನೋಟಕ್ಕೇ ಇಷ್ಟು ಫಲ!

ಇನ್ನು ಕೈಯಾರೆ ಮಾಡುವ ಕೆಲಸಕ್ಕೆ ಹರಿವೆಯನ್ನೇ ತೆಗೆದುಕೊಳ್ಳಿ. ಬೀಜ ಸಾಸಿವೆಗಿಂತ ಸಣ್ಣದು. ಒಂದೇ ಕಡೆ ಗುಂಪಾಗಿ ಬೀಳದಿರಲೆಂದು ಮರಳು ಬೆರೆಸಿ ಎರಚುತ್ತಾರೆ. ಪಾರ್ಶ್ವವಾಯುವಿನಿಂದ ಬೆರಳು ಸೋತವರು ಹೆಬ್ಬೆರಳು ತೋರುಬೆರಳು ಕೂಡಿಸಿ ಒಂದೊಂದು ಚಿಟಿಕೆ ತೆಗೆದು ಉದುರಿಸುವುದಿದೆಯಲ್ಲ, ಅದೇ ವ್ಯಾಯಾಮ. ಖಿನ್ನತೆಯಲ್ಲಿ ನಾಳೆಯೇ ಕಾಣದವರಿಗೆ ನಾಲ್ಕೈದು ದಿನದಲ್ಲಿ ಕೆಂಪು ಮೊಳಕೆ ಕಾಣುತ್ತದೆ. ಅವರ ಕೈಗೆ ಈಶಾಡು ಮಾವಿನ ಗೊರಟೆ ಕೊಟ್ಟರೆ ಹಣ್ಣಿಗೆ ವರ್ಷಗಟ್ಟಲೆ ಕಾಯಬೇಕು. ಹಾಗಾಗಿ ಗಿಡದ ಆಯ್ಕೆಯೇ ಅರ್ಧ ಚಿಕಿತ್ಸೆ. ಕಾರವಾರದ ಆಷಾಢದ ಮಳೆಗೆ ಹರಿವೆ ಮಡಿ ಕೊಚ್ಚಿಹೋಗುತ್ತದೆ. ಆಗ ಜಗಲಿಯಲ್ಲಿ ಕೂತು ಪ್ಲಾಸ್ಟಿಕ್ ಕೊಟ್ಟೆಗೆ ಮಣ್ಣು ತುಂಬುವುದು, ಬಸಳೆ ಬಳ್ಳಿ ತುಂಡರಿಸಿ ನೆಡುವುದು. ಇದು ಕ್ಯಾನ್ಸಸ್‌ನ ಪಠ್ಯದಲ್ಲಿ ಸಿಗುವಂಥದ್ದಲ್ಲ, ಇಲ್ಲೇ ಬರೆಯಬೇಕು.

ಬರೆಯಲು ಬೇಕಾದ ಜ್ಞಾನ ಇಲ್ಲೇ ಇದೆ. ಅಂಕೋಲೆ ಬಳಿಯ ಹೊನ್ನಳ್ಳಿಯ ಹಾಲಕ್ಕಿ ಮಹಿಳೆ ತುಳಸಿ ಗೌಡರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಟ್ಟಲೆ ಸಸಿ ಬೆಳೆಸಿದ ಅವರಿಗೆ 2020ರ ಪದ್ಮಶ್ರೀ ಸಂದಿತು, ಧಾರವಾಡದ ಕೃಷಿ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಗೌರವ ಸರಿ. ಆದರೆ ಅಂಥವರ ಬಳಿ ವಿದ್ಯಾರ್ಥಿಗಳನ್ನು ಕೂರಿಸುವ ತರಗತಿ ಎಲ್ಲಿ? 2024ರ ಡಿಸೆಂಬರ್‌ನಲ್ಲಿ ತುಳಸಿ ಗೌಡರು ತೀರಿಕೊಂಡರು.

ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಅದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಇದೇ ಜಿಲ್ಲೆಯ ಶಿರಸಿಯಲ್ಲಿ ಬಾಗಲಕೋಟೆ ತೋಟಗಾರಿಕಾ ವಿಶ್ವವಿದ್ಯಾಲಯದ ಕಾಲೇಜಿದೆ. ಎರಡೂ ಸೇರಿ ಒಂದು ವರ್ಷದ ಸರ್ಟಿಫಿಕೇಟ್ ಕೋರ್ಸ್ ತೆರೆಯಲಿ. ರೋಗದ ಪಾಠ ವೈದ್ಯರದ್ದು, ಸಸ್ಯದ ಪಾಠ ಪ್ರಾಧ್ಯಾಪಕರದ್ದು. ಮಡಿ ಮಾಡುವ, ಬೀಜ ಕಾಯ್ದಿಡುವ ಪಾಠಕ್ಕೆ ಹಾಲಕ್ಕಿ ಹೆಂಗಸರನ್ನೇ ಕರೆಯಬೇಕು. ಪೇಟೆಯಲ್ಲಿ ಸೊಪ್ಪು ಮಾರುವ ದಿನದ ದುಡಿಮೆ ಬಿಟ್ಟು ಬರುವವರಿಗೆ ದಿನಗೂಲಿಯ ಲೆಕ್ಕ ಹಾಕದೆ, ಅತಿಥಿ ಉಪನ್ಯಾಸಕರಿಗೆ ಕೊಡುವ ಸಂಭಾವನೆಯನ್ನೇ ಕೊಡಬೇಕು.