ಬಡತನಕ್ಕೆ ಕೈಮುಗಿಯಬೇಡಿ

2025ರ ಸೆಪ್ಟೆಂಬರ್ 24ರಂದು ಎಸ್.ಎಲ್. ಭೈರಪ್ಪನವರು ತೀರಿಕೊಂಡ ತರುವಾಯ ಒಂದು ಮಾತನ್ನು ಹಲವರ ಬಾಯಲ್ಲಿ ಕೇಳಿದೆ: ಬಾಲ್ಯದ ಬಡತನವೇ ಅವರನ್ನು ಕಾದಂಬರಿಕಾರರನ್ನಾಗಿ ಮಾಡಿತಂತೆ. ವೇದಿಕೆಯ ಮೇಲೆ ಹೇಳಿದರೆ ಚಪ್ಪಾಳೆ ಬೀಳುವ ಮಾತಿದು. ಆದರೆ ಬಹುಕಾಲ ಮಕ್ಕಳಿಗೆ ಪಾಠ ಹೇಳಿದ ನನಗೆ ಇದು ಅಸತ್ಯವೆಂದೂ, ಅದಕ್ಕಿಂತ ಹೆಚ್ಚಾಗಿ ಅಪಾಯಕಾರಿಯೆಂದೂ ತೋರುತ್ತದೆ.

ಮೊದಲು ಸಂಗತಿಗಳನ್ನು ನೋಡೋಣ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ 1931ರಲ್ಲಿ ಜನಿಸಿದ ಆ ಬಾಲಕನಿಂದ ಪ್ಲೇಗು ತಾಯಿಯನ್ನೂ ಒಡಹುಟ್ಟಿದವರನ್ನೂ ಕಿತ್ತುಕೊಂಡಿತು. ವಾರಾನ್ನ ಉಂಡು ಓದಿದರು. ಪ್ರೌಢಶಾಲೆಯನ್ನು ನಡುವೆ ಬಿಟ್ಟು ಮುಂಬಯಿಗೆ ಹೋಗಿ ರೈಲು ನಿಲ್ದಾಣದಲ್ಲಿ ಮೂಟೆ ಹೊತ್ತರು, ಸಾಧುಗಳೊಡನೆ ಅಲೆದರು. ಮರಳಿ ಮೈಸೂರಿಗೆ ಬಂದು ಓದು ಮುಂದುವರಿಸಿ, ತತ್ತ್ವಶಾಸ್ತ್ರದ ಎಂ.ಎ.ಯಲ್ಲಿ ಚಿನ್ನದ ಪದಕ ಪಡೆದರು. ಆ ಬಾಳಿನ ಕಥೆ 1996ರಲ್ಲಿ ಹೊರಬಂದ ಅವರ ಆತ್ಮಕಥೆ 'ಭಿತ್ತಿ'ಯಲ್ಲಿದೆ.

ಈ ಬದುಕು 1970ರ 'ಗೃಹಭಂಗ'ಕ್ಕೆ ದ್ರವ್ಯವನ್ನು ಒದಗಿಸಿತೆಂಬುದು ನಿಜ. ನಂಜಮ್ಮನಲ್ಲಿ ಅವರ ತಾಯಿಯ ಛಾಯೆ ಕಾಣದಿರದು. ಆದರೆ ಬಡತನವನ್ನು ಹೊಗಳುವವರು ಆ ಕಾದಂಬರಿಯನ್ನು ಇನ್ನೊಮ್ಮೆ ಓದಬೇಕು. ಒಂದೇ ಮನೆ, ಒಂದೇ ಬಡತನ. ಅದು ಗಂಗಮ್ಮನ ನಾಲಗೆಯನ್ನು ಮೃದುಗೊಳಿಸಲಿಲ್ಲ. ಹೆಂಡತಿ ಮಕ್ಕಳು ಹಸಿದಿರುವಾಗ ತನ್ನ ಹೊಟ್ಟೆಯನ್ನಷ್ಟೇ ನೋಡಿಕೊಳ್ಳುವ ಚೆನ್ನಿಗರಾಯನನ್ನು ತಿದ್ದಲಿಲ್ಲ. ಅಪ್ಪಣ್ಣಯ್ಯನಿಗೆ ವಿವೇಕ ಕಲಿಸಲಿಲ್ಲ. ನಂಜಮ್ಮನ ಕೈಹಿಡಿದದ್ದು ಬಡತನವಲ್ಲ, ಅಕ್ಷರ. ಗಂಡ ಮಾಡಲಾರದ ಶ್ಯಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆಯಬಲ್ಲವಳಾದ್ದರಿಂದಲೇ ಆಕೆ ಸಂಸಾರವನ್ನು ಅಷ್ಟು ದೂರ ಎಳೆದಳು. ಕೊನೆಗೆ ಪ್ಲೇಗು ಪಾರ್ವತಿಯನ್ನು, ರಾಮಣ್ಣನನ್ನು, ಆಕೆಯನ್ನೂ ಒಯ್ಯಿತು. ಉಳಿದವನು ವಿಶ್ವ ಒಬ್ಬನೇ.

ನಮ್ಮ ಭಾಷಣಕಾರರು ಸದಾ ವಿಶ್ವನನ್ನೇ ತೋರಿಸುತ್ತಾರೆ. ರಾಮಣ್ಣನ ಲೆಕ್ಕ ಯಾರು ಇಡಬೇಕು? ದಾರಿದ್ರ್ಯ ಒಬ್ಬ ಕಾದಂಬರಿಕಾರನನ್ನು ಕೊಟ್ಟಿತೆಂದು ಸಂಭ್ರಮಿಸುವಾಗ, ಅದು ಎಷ್ಟು ಜನರನ್ನು ಲೇಖನಿ ಹಿಡಿಯುವ ಮೊದಲೇ ಮಣ್ಣು ಮಾಡಿತೆಂದು ಕೇಳುವುದು ಬೇಡವೇ?

ಬಡತನದ ನಡುವೆ ಭೈರಪ್ಪನವರನ್ನು ಉಳಿಸಿದ್ದು ಅನ್ನವಿಟ್ಟ ಮನೆಗಳು, ಮತ್ತೆ ಬಾಗಿಲು ತೆರೆದ ಶಾಲೆ. ಆಮೇಲೆ ಕೂತು ಬರೆಯಲು ಬಿಡುವು ಕೊಟ್ಟದ್ದು ಅಧ್ಯಾಪಕ ವೃತ್ತಿಯ ಸಂಬಳ. ಆ ವಾರಾನ್ನವಾದರೂ ಎಲ್ಲ ಜಾತಿಯ ಹುಡುಗರಿಗೆ ದೊರೆಯುತ್ತಿದ್ದ ಸೌಲಭ್ಯವಲ್ಲ ಎಂಬುದನ್ನೂ ಮರೆಯಬಾರದು. 'ಗೃಹಭಂಗ' ಹೊರಬಂದಾಗ ಅವರಿಗೆ ನಲವತ್ತರ ಸಮೀಪ. ಹಸಿವು ಕಥೆಯಾಗಬೇಕಾದರೆ ಮೊದಲು ಹೊಟ್ಟೆ ತುಂಬಬೇಕು.

ಇಂಗ್ಲೆಂಡಿನ ಚಾರ್ಲ್ಸ್ ಡಿಕನ್ಸ್‌ನ ಬಾಳೂ ಇದನ್ನೇ ಹೇಳುತ್ತದೆ. 1824ರಲ್ಲಿ ತಂದೆ ಸಾಲಕ್ಕಾಗಿ ಮಾರ್ಷಲ್‌ಸೀ ಸೆರೆಮನೆ ಸೇರಿದಾಗ, 12 ವರ್ಷದ ಹುಡುಗ ವಾರಕ್ಕೆ 6 ಶಿಲ್ಲಿಂಗ್ ಕೂಲಿಗೆ ಬೂಟ್ ಪಾಲಿಷ್ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸಿದನು. ತಂದೆ ಬಿಡುಗಡೆಯಾದ ಮೇಲೂ ತಾನು ಅಲ್ಲಿಯೇ ದುಡಿಯಲೆಂದು ತಾಯಿ ಬಯಸಿದ್ದನ್ನು ಆತ ಎಂದೂ ಮರೆಯಲಿಲ್ಲ. ತಂದೆ ಮರಳಿ ಶಾಲೆಗೆ ಕಳುಹಿಸಿದ್ದರಿಂದ ಬದುಕಿಕೊಂಡನು. ಆ ನೋವು 'ಡೇವಿಡ್ ಕಾಪರ್‌ಫೀಲ್ಡ್' ಆಗಲು ಸುಮಾರು 25 ವರ್ಷ ಹಿಡಿಯಿತು. ಆ ದಿನಗಳ ವಿಷಯವನ್ನು ಲೋಕದಿಂದ ಕೊನೆಯವರೆಗೂ ಮುಚ್ಚಿಟ್ಟನು. ಅದರ ನಿಜಸಂಗತಿ ಹೊರಬಂದದ್ದು 1870ರಲ್ಲಿ ಅವನು ತೀರಿಕೊಂಡ ಮೇಲೆ, ಗೆಳೆಯ ಫಾರ್ಸ್ಟರ್ ಬರೆದ ಜೀವನಚರಿತ್ರೆಯಲ್ಲಿ. ವರವನ್ನು ಯಾರಾದರೂ ಹೀಗೆ ಮುಚ್ಚಿಡುತ್ತಾರೆಯೇ?

ಬಡತನವಿಲ್ಲದೆ ದೊಡ್ಡ ಕಾದಂಬರಿ ಹುಟ್ಟದೆಂಬ ವಾದಕ್ಕೆ ಟಾಲ್‌ಸ್ಟಾಯ್ ಮತ್ತು ನಮ್ಮ ಕುವೆಂಪು ಸಾಕಷ್ಟು ಉತ್ತರ. ಒಬ್ಬರು ಶ್ರೀಮಂತ ಕುಲೀನರು, ಇನ್ನೊಬ್ಬರು ಮಲೆನಾಡಿನ ಭೂಮಾಲೀಕ ಮನೆತನದವರು.

ಇದು ಬರಿಯ ಸಾಹಿತ್ಯ ಚರ್ಚೆಯಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಒಮ್ಮೆ ವಿದ್ಯಾರ್ಥಿವೇತನದ ಸಭೆಯೊಂದರಲ್ಲಿ ತಂದೆಯಿಲ್ಲದ ಹುಡುಗನೊಬ್ಬನ ಹಾಸ್ಟೆಲ್ ಶುಲ್ಕದ ಅರ್ಜಿ ಬಂದಿತು. ಹಿರಿಯರೊಬ್ಬರು, "ಸ್ವಲ್ಪ ಕಷ್ಟಪಡಲಿ ಬಿಡಿ ಮೇಷ್ಟ್ರೇ, ಭೈರಪ್ಪನವರು ಪಡಲಿಲ್ಲವೇ?" ಎಂದರು. ಹಣ ಅರ್ಧಕ್ಕಿಳಿಯಿತು. ಆ ವರ್ಷದ ಕೊನೆಗೆ ಹುಡುಗ ಓದು ಬಿಟ್ಟು ಗ್ಯಾರೇಜಿನ ಕೆಲಸಕ್ಕೆ ಸೇರಿದ. 2002ರಲ್ಲಿ ನಮ್ಮ ರಾಜ್ಯದ ಶಾಲೆಗಳಲ್ಲಿ ಬಿಸಿಯೂಟ ಆರಂಭವಾದಾಗಲೂ, ಪುಕ್ಕಟೆ ಅನ್ನ ಮಕ್ಕಳನ್ನು ಸೋಮಾರಿಗಳನ್ನಾಗಿಸುತ್ತದೆಂದು ಹೇಳಿದವರನ್ನು ಕಂಡಿದ್ದೇನೆ. ಹಾಗೆ ಹೇಳಿದವರಾರೂ ಆ ಹೊತ್ತಿಗೆ ಹಸಿದಿರಲಿಲ್ಲ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಇಂಥ ಸಮಿತಿಗಳಲ್ಲಿದ್ದೀರಿ, ದಾನ ಮಾಡುವ ಸ್ಥಿತಿಯಲ್ಲಿದ್ದೀರಿ. ಭೈರಪ್ಪನವರಿಗೆ ಗೌರವ ಸಲ್ಲಿಸಬೇಕೆಂದಿದ್ದರೆ ಅವರು ಪಟ್ಟ ಕಷ್ಟವನ್ನು ಇನ್ನೊಬ್ಬರ ಮಗನಿಗೆ ಪಾಠವಾಗಿ ಹೇಳಬೇಡಿ. ಅರ್ಜಿ ಮುಂದೆ ಬಂದಾಗ ಪೂರ್ತಿ ಶುಲ್ಕ ಮಂಜೂರು ಮಾಡಿ. ಆ ಮಗು ಮುಂದೆ ಕಾದಂಬರಿ ಬರೆಯದಿದ್ದರೂ ಚಿಂತೆಯಿಲ್ಲ.