ಮೇಲೆ ಖಾಲಿ ಇರುವ ಕೆಲಸ ಯಾವುದು?

ಟೊರಾಂಟೊದ ಯೂನಿಯನ್ ಸ್ಟೇಷನ್‌ನಲ್ಲಿ 509ನೇ ನಂಬರಿನ ಸ್ಟ್ರೀಟ್‌ಕಾರ್ ಹತ್ತಿದರೆ ಅದು ಸರೋವರದ ದಂಡೆ ಹಿಡಿದು ಸಾಗಿ ಎಕ್ಸಿಬಿಷನ್ ಮೈದಾನದಲ್ಲಿ ಇಳಿಸುತ್ತದೆ. ಹತ್ತುವ ಜಾಗದ ಪಕ್ಕದಲ್ಲೇ ಮೇಪಲ್ ಲೀಫ್ಸ್ ಐಸ್ ಹಾಕಿ ತಂಡ ಆಡುವ ಭಾರಿ ಅಂಗಣ. ಇಳಿಯುವ ಜಾಗದಲ್ಲಿ ಅದೇ ಯಜಮಾನರ ಕಿರಿಯ ತಂಡ ಮಾರ್ಲೀಸ್ ಆಡುವ ಹಳೆಯ ಕೊಲಿಸಿಯಂ. ನಡುವಿನ ದೂರ ಸುಮಾರು ನಾಲ್ಕು ಕಿಲೋಮೀಟರ್. ಲೀಫ್ಸ್ ಟಿಕೆಟ್ಟಿನ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಹಾಗಾಗಿ ನಮ್ಮಂಥವರು ಮಕ್ಕಳುಮರಿ ಕಟ್ಟಿಕೊಂಡು ಹೋಗುವುದು ಎರಡನೆಯದಕ್ಕೆ. 2017-18ರ ಚಳಿಗಾಲದಲ್ಲಿ ಸ್ನೇಹಿತರೊಬ್ಬರ ಮಗನನ್ನು ಜೊತೆಗೆ ಕರೆದೊಯ್ಯುತ್ತಿದ್ದೆ. ಆಗ ಹನ್ನೆರಡರ ಹುಡುಗ. ಯಾರಾದರೂ ಒಂದು ಗೋಲು ಹೊಡೆದರೆ ಸಾಕು, ಪಾಪ್‌ಕಾರ್ನ್ ಡಬ್ಬಿಯನ್ನು ನನ್ನ ತೊಡೆಯ ಮೇಲಿಟ್ಟು ಕೇಳುತ್ತಿದ್ದ: "ಅಂಕಲ್, ಇವ್ನು ಮೇಲೆ ಹೋಗ್ತಾನಾ?"

ನಾನು ಕೊಟ್ಟ ಉತ್ತರಗಳಲ್ಲಿ ಬಹುಪಾಲು ತಪ್ಪಾದವು. ಮೂವತ್ತು ದಾಟಿದ ಮೇಲೆ ಐಸ್ ಹಾಕಿ ಕಲಿತವನ ಅರೆಜ್ಞಾನ ಅದಕ್ಕೆ ಕಾರಣ ಅಂದುಕೊಂಡಿದ್ದೆ. ಅದೂ ಒಂದು ಕಾರಣವೇ. ಆದರೆ ದೊಡ್ಡ ತಪ್ಪು ಬೇರೆ ಕಡೆ ಇತ್ತು. ಹುಡುಗ ಇಲ್ಲಿ ಎಷ್ಟು ಚೆನ್ನಾಗಿ ಆಡುತ್ತಿದ್ದಾನೆ ಎಂದು ನೋಡಿ, ಆ ಉತ್ತರವನ್ನೇ ಮೇಲೆ ಹೋಗುತ್ತಾನೆಯೇ ಎಂಬ ಪ್ರಶ್ನೆಗೆ ಅಂಟಿಸುತ್ತಿದ್ದೆ. ಈ ಎರಡು ಪ್ರಶ್ನೆಗಳಿಗೆ ನಂಟಿದೆ, ಆದರೆ ನಾವು ತಿಳಿದಷ್ಟು ಹತ್ತಿರದ ನಂಟಲ್ಲ. ಕೆಳಗಿನ ಲೀಗಿನ ಅತ್ಯುತ್ತಮ ಆಟಗಾರ ಬೇರೆ, ಅಲ್ಲಿಂದ ಮೇಲೇರಿ ನಿಲ್ಲಬಲ್ಲ ಆಟಗಾರ ಬೇರೆ. ಕೆಲವು ಸಲ ಇಬ್ಬರೂ ಒಬ್ಬನೇ ಆಗಿರುತ್ತಾನೆ, ಅಷ್ಟೇ.

ವ್ಯವಸ್ಥೆ ಹೀಗಿದೆ. ಎಲ್ಲಕ್ಕಿಂತ ಮೇಲೆ ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್. ಅದರಲ್ಲಿ 32 ತಂಡಗಳು. ಅದರ ಕೆಳಗೆ 1936ರಿಂದ ನಡೆದುಬಂದಿರುವ ಅಮೆರಿಕನ್ ಹಾಕಿ ಲೀಗ್, ಅಂದರೆ ಎಎಚ್‌ಎಲ್. ಅಲ್ಲೂ 32 ತಂಡಗಳು, ಮೇಲಿನ ಒಂದೊಂದಕ್ಕೆ ಕೆಳಗಿನ ಒಂದೊಂದು. ಅದಕ್ಕೂ ಕೆಳಗೆ ಇಸಿಎಚ್‌ಎಲ್. ಎನ್‌ಎಚ್‌ಎಲ್ ಆಟಗಾರರಲ್ಲಿ ಹೆಚ್ಚುಕಡಿಮೆ ಹತ್ತಕ್ಕೆ ಒಂಬತ್ತು ಮಂದಿ ತಮ್ಮಲ್ಲಿ ಆಡಿ ಹೋದವರು ಎಂದು ಎಎಚ್‌ಎಲ್ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ನಿಜವೇ. ಆದರೆ ಈ ಮಾತನ್ನು ತಿರುಗಿಸಿ ಓದುವ ಚಾಳಿ ನಮ್ಮೆಲ್ಲರಿಗೂ ಇದೆ. ಮೇಲಿರುವವರೆಲ್ಲ ಈ ಮೆಟ್ಟಿಲು ಹತ್ತಿದವರೇ ಇರಬಹುದು; ಮೆಟ್ಟಿಲ ಮೇಲೆ ನಿಂತವರೆಲ್ಲ ಮನೆಯೊಳಗೆ ಹೋಗುವುದಿಲ್ಲ. ಒಂದು ಎನ್‌ಎಚ್‌ಎಲ್ ಸಂಸ್ಥೆ 50 ಆಟಗಾರರ ಜೊತೆ ಒಪ್ಪಂದ ಇಟ್ಟುಕೊಳ್ಳಬಹುದು, ಮೇಲಿನ ತಂಡದಲ್ಲಿ ಇಟ್ಟುಕೊಳ್ಳುವುದು 23 ಮಂದಿಯನ್ನು, ಒಂದು ರಾತ್ರಿ ಸಮವಸ್ತ್ರ ತೊಡುವವರು 20. ಲೆಕ್ಕ ಇಲ್ಲೇ ಕಠಿಣವಾಗುತ್ತದೆ.

ಈ ಲೆಕ್ಕವನ್ನು ಜನ ಬಿಡಿಸುವುದು ಪಾಯಿಂಟ್‌ಗಳ ಮೂಲಕ. ಗೋಲು ಹೊಡೆದವನಿಗೆ ಒಂದು, ಒದಗಿಸಿಕೊಟ್ಟವನಿಗೂ ಒಂದು. ಕೀತ್ ಆಕಾಯಿನ್ ಎಂಬ ಆಟಗಾರನನ್ನು ನೋಡಿ. 2009-10ರಲ್ಲಿ ಹರ್ಷಿ ಬೇರ್ಸ್ ಪರ ಎಎಚ್‌ಎಲ್‌ನಲ್ಲಿ 106 ಪಾಯಿಂಟ್ ಗಳಿಸಿ ಲೀಗಿನ ಅತಿ ಮೌಲ್ಯಯುತ ಆಟಗಾರನಾದ. ಇಡೀ ಜೀವಮಾನದಲ್ಲಿ ಅವನು ಎನ್‌ಎಚ್‌ಎಲ್‌ನಲ್ಲಿ ಆಡಿದ್ದು 145 ಪಂದ್ಯ, ಅಂದರೆ ಎರಡು ಸೀಸನ್ನಿಗೂ ಕಡಿಮೆ. ಗೇಬ್ರಿಯಲ್ ಡೆಜಾರ್ಡಿನ್ ಎಂಬ ಅಂಕಿಅಂಶಕಾರರು ಹಾಕಿಕೊಟ್ಟ ಒಂದು ಪರಿವರ್ತನೆಯ ಸೂತ್ರವಿದೆ: ಎಎಚ್‌ಎಲ್‌ನ ಒಂದು ಪಾಯಿಂಟ್ ಎನ್‌ಎಚ್‌ಎಲ್‌ನಲ್ಲಿ ಸುಮಾರು 0.45ಕ್ಕೆ ಸಮ. ಆ ಪ್ರಕಾರ ಆಕಾಯಿನ್ ಮೇಲೆ ಒಂದು ಸೀಸನ್ನಿಗೆ ಐವತ್ತರ ಹತ್ತಿರ ಬರಬೇಕಿತ್ತು. 145 ಪಂದ್ಯ ಸೇರಿಸಿದರೂ ಅವನ ಖಾತೆ ಐವತ್ತು ಮುಟ್ಟಲಿಲ್ಲ.

ಸೂತ್ರ ಸುಳ್ಳೇ? ಇಲ್ಲ, ಅದು ಹುಟ್ಟಿದ ಬಗೆ ಗಮನಿಸಬೇಕು. ಕೆಳಗೂ ಮೇಲೂ ಆಡಿದವರ ಅಂಕಗಳನ್ನು ಹೋಲಿಸಿ ಈ 0.45 ಬಂದದ್ದು. ಮೇಲೆ ಹೋಗದೇ ಉಳಿದವರು ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಸಂದರ್ಶನದಲ್ಲಿ ಪಾಸಾದವರ ಅಂಕಪಟ್ಟಿ ಇಟ್ಟುಕೊಂಡು ಅರ್ಜಿ ಹಾಕಿದವರೆಲ್ಲರ ಭವಿಷ್ಯ ಹೇಳಿದಂತೆ ಇದು. ಜೊತೆಗೆ, ಹರ್ಷಿಯಲ್ಲಿ ಆಕಾಯಿನ್ ಮೊದಲ ಲೈನಿನಲ್ಲಿ (ಲೈನ್ ಎಂದರೆ ಒಟ್ಟಿಗೆ ಕಣಕ್ಕಿಳಿಯುವ ಮುಂಪಡೆಯ ಮೂವರು), ಎದುರಾಳಿಯ ಆಟಗಾರ ಶಿಕ್ಷೆಗೆ ಹೊರಗೆ ಕೂತಿರುವ ಪವರ್ ಪ್ಲೇಯಲ್ಲಿ ರಾಜನಂತೆ ಆಡುತ್ತಿದ್ದ. ಮೇಲಿನ ತಂಡ, ವಾಷಿಂಗ್ಟನ್ ಕ್ಯಾಪಿಟಲ್ಸ್‌ನಲ್ಲಿ, ಆ ಸಿಂಹಾಸನದ ಮೇಲೆ ಆಗಲೇ ಒವೆಚ್ಕಿನ್ ಮತ್ತು ಬ್ಯಾಕ್‌ಸ್ಟ್ರೋಮ್ ಕುಳಿತಿದ್ದರು.

ನನ್ನ ವಾದದ ತಿರುಳು ಇಲ್ಲಿದೆ. ಕೆಳಗಿನಿಂದ ಕರೆಸಿಕೊಳ್ಳುವ ಹುಡುಗನಿಗೆ ಮೇಲೆ ಸಿಗುವ ಕೆಲಸ ಸಾಮಾನ್ಯವಾಗಿ ಮೂರನೆಯ ಅಥವಾ ನಾಲ್ಕನೆಯ ಲೈನಿನದು. ರಾತ್ರಿಗೆ ಹತ್ತು ನಿಮಿಷ ಐಸ್ ಮೇಲೆ ಇರಬೇಕು, ಎದುರಾಳಿಯನ್ನು ಅಟ್ಟಿಸಿಕೊಂಡು ಹೋಗಿ ಪಕ್ (ಆಟದ ರಬ್ಬರ್ ಬಿಲ್ಲೆ) ಕಸಿಯಬೇಕು, ತಮ್ಮವನೊಬ್ಬ ಶಿಕ್ಷೆಗೆ ಹೊರಗಿರುವಾಗ, ಅಂದರೆ ಪೆನಾಲ್ಟಿ ಕಿಲ್‌ನಲ್ಲಿ, ಮೈಯೊಡ್ಡಬೇಕು, ತಪ್ಪು ಮಾಡಬಾರದು. ಮದುವೆಮನೆಗೆ ಕರೆದದ್ದು ಬಡಿಸಲಿಕ್ಕೆ. ಹೋದವನು ಹಸೆಮಣೆ ನೋಡುತ್ತ ನಿಂತರೆ ನಡೆಯುವುದಿಲ್ಲ. ಆದ್ದರಿಂದ ಒಬ್ಬ ಆಟಗಾರನ ಅವಕಾಶ ಅಳೆಯುವವನು ಮೊದಲು ಕೇಳಬೇಕಾದ್ದು ಅವನಿಗೆ ಏನು ಬರುತ್ತದೆ ಎಂದಲ್ಲ, ಮೇಲೆ ಖಾಲಿ ಇರುವ ಕೆಲಸ ಯಾವುದು ಎಂದು.

ನಾವು ನೋಡಿದ ಮಾರ್ಲೀಸ್ ತಂಡದಲ್ಲೇ ಇದಕ್ಕೆ ಸಾಕ್ಷಿಯಿತ್ತು. ಆ ಸಲದ ಹೀರೋ ಸ್ವೀಡನ್ನಿನ ಆಂಡ್ರಿಯಾಸ್ ಜಾನ್ಸನ್. 54 ಪಂದ್ಯದಲ್ಲಿ 54 ಪಾಯಿಂಟ್. 2018ರ ಜೂನ್‌ನಲ್ಲಿ ತಂಡ ಟೆಕ್ಸಸ್ ಸ್ಟಾರ್ಸ್ ವಿರುದ್ಧ ಏಳನೆಯ ಪಂದ್ಯ ಗೆದ್ದು ಎಎಚ್‌ಎಲ್‌ನ ಕಾಲ್ಡರ್ ಕಪ್ ಎತ್ತಿದಾಗ ಪ್ಲೇಆಫ್‌ನ ಅತ್ಯುತ್ತಮ ಆಟಗಾರನೂ ಅವನೇ. ಅದೇ ತಂಡದಲ್ಲಿ ಟ್ರೆವರ್ ಮೂರ್ ಎಂಬ ಕ್ಯಾಲಿಫೋರ್ನಿಯಾದ ಕುಳ್ಳನೆಯ ಹುಡುಗನಿದ್ದ. ತಂಡಗಳು ಹೊಸ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟಿನಲ್ಲಿ ಯಾರೂ ಆರಿಸದವನು. ಪಾಯಿಂಟ್ ಗಳಿಕೆ ಜಾನ್ಸನ್‌ನ ಅರ್ಧ ವೇಗದ್ದು. "ಇವ್ನು ಹೋಗ್ತಾನಾ?" ಎಂದು ಹುಡುಗ ಕೇಳಿದಾಗ ಮೂರ್ ಬಗ್ಗೆ ನಾನು ಮೂಗು ಮುರಿದದ್ದು ನೆನಪಿದೆ. ಜಾನ್ಸನ್ ಮರುವರ್ಷ ಲೀಫ್ಸ್ ಪರ 20 ಗೋಲು ಹೊಡೆದ, ಆಮೇಲೆ ನ್ಯೂಜೆರ್ಸಿಗೆ ಹೋಗಿ ನಿಧಾನವಾಗಿ ಮಸುಕಾದ. ಮೂರ್ ಲಾಸ್ ಏಂಜಲೀಸ್ ಕಿಂಗ್ಸ್ ಸೇರಿ, ಮೊದಲು ಬಡಿಸುವ ಕೆಲಸ ಮಾಡಿ, ಮೆಲ್ಲಗೆ ಪಂಕ್ತಿಯಲ್ಲಿ ಕುಳಿತ. 2023-24ರಲ್ಲಿ 31 ಗೋಲು ಹೊಡೆದ. ಇಬ್ಬರ ವಯಸ್ಸೂ ಹೆಚ್ಚುಕಡಿಮೆ ಒಂದೇ, ತರಬೇತುದಾರ ಒಬ್ಬನೇ, ಕೊಲಿಸಿಯಂ ಒಂದೇ.

ಹಾಗಾದರೆ ಏನು ನೋಡಬೇಕು? ಆಟಗಾರರನ್ನು ಹುಡುಕುವ ಸ್ಕೌಟ್‌ಗಳ ಪಕ್ಕ ಕೂತು ಕಲಿತದ್ದು ಒಂದನ್ನು ಮಾತ್ರ ಹೇಳುತ್ತೇನೆ, ಯಾಕೆಂದರೆ ಅದನ್ನು ಯಾರು ಬೇಕಾದರೂ ಟಿಕೆಟ್ ಕೊಂಡು ಪರೀಕ್ಷಿಸಬಹುದು. ಎದುರಾಳಿ ಪಕ್ಕನ್ನು ನಿಮ್ಮ ತಂಡದ ಮೂಲೆಗೆ ಎಸೆದಿದ್ದಾನೆ. ಡಿಫೆನ್ಸ್ ಆಟಗಾರ ಬೆನ್ನು ತಿರುಗಿಸಿ ಅದರತ್ತ ಓಡುತ್ತಿದ್ದಾನೆ. ಹಿಂದೆ ತೊಂಬತ್ತು ಕಿಲೋ ತೂಕದವನೊಬ್ಬ ಅಟ್ಟಿಸಿಕೊಂಡು ಬರುತ್ತಿದ್ದಾನೆ. ಪಕ್ ನೋಡಬೇಡಿ, ಅವನ ಹೆಲ್ಮೆಟ್ ನೋಡಿ. ಪಕ್ ಮುಟ್ಟುವ ಮೊದಲು ಎಷ್ಟು ಸಲ ಹೆಗಲ ಮೇಲಿಂದ ಹಿಂದಕ್ಕೆ ಕಣ್ಣು ಹಾಯಿಸಿದ? ಎರಡು ಸಲ ನೋಡಿದವನಿಗೆ ಪಕ್ ಸಿಗುವ ಹೊತ್ತಿಗೆ ಅದನ್ನು ಎತ್ತ ಕಳಿಸಬೇಕೆಂದು ಗೊತ್ತಿರುತ್ತದೆ. ಒಮ್ಮೆಯೂ ನೋಡದವನು ಬೋರ್ಡಿಗೆ ಅಪ್ಪಳಿಸಿದ ಮೇಲೆ ಯೋಚಿಸತೊಡಗುತ್ತಾನೆ. ಕೆಳಗಿನ ಲೀಗಿನಲ್ಲಿ ಬಲಿಷ್ಠನಾದವನು ನೋಡದೆಯೂ ಬಚಾವಾಗುತ್ತಾನೆ, ಪಾಯಿಂಟ್ ಪಟ್ಟಿಯಲ್ಲಿ ಇಬ್ಬರೂ ಸಮವಾಗಿ ಕಾಣುತ್ತಾರೆ. ಮೇಲೆ ಬೆನ್ನಟ್ಟಿ ಬರುವವನು ಅರ್ಧ ಸೆಕೆಂಡು ಬೇಗ ಬರುತ್ತಾನೆ.

ವಯಸ್ಸಿನ ವಿಷಯ ಬಲ್ಲವರಿಗೆ ಹಳತು, ಬೇಗ ಮುಗಿಸುತ್ತೇನೆ. 20ರ ಹುಡುಗನ ನಲವತ್ತು ಪಾಯಿಂಟಿಗೆ 27ರವನ ಎಂಬತ್ತಕ್ಕಿಂತ ಹೆಚ್ಚು ಬೆಲೆ. ಆಕಾಯಿನ್ 106 ಹೊಡೆದಾಗ ಮೂವತ್ತು ದಾಟಿದ್ದ. ಎಎಚ್‌ಎಲ್ ತಾನೇ ಇದನ್ನು ನಿಯಮವಾಗಿಸಿದೆ: ಗೋಲಿಗಳನ್ನು (ಗೋಲು ಕಾಯುವವರನ್ನು) ಬಿಟ್ಟು ಕಣಕ್ಕಿಳಿಯುವ 18 ಮಂದಿಯಲ್ಲಿ 13 ಮಂದಿ ವೃತ್ತಿಪರ ಪಂದ್ಯ ಹೆಚ್ಚು ಆಡಿರದ, ಇನ್ನೂ ಬೆಳೆಯುತ್ತಿರುವವರಾಗಿರಬೇಕು. ಆದರೆ ವಯಸ್ಸನ್ನು ವರ್ಷದಲ್ಲಿ ಎಣಿಸಿದರೂ ಮೋಸವಿದೆ. ಕೆನಡಾದ ಬಾಲಕರ ಹಾಕಿಯಲ್ಲಿ ಗುಂಪು ಮಾಡುವುದು ಜನವರಿ 1ರ ಲೆಕ್ಕದಲ್ಲಿ; ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಿನವನೂ ಒಂದೇ ತರಗತಿ. ದೊಡ್ಡದಾಗಿ ಕಾಣುವವನಿಗೆ ಹೆಚ್ಚು ಆಟ, ಒಳ್ಳೆಯ ತರಬೇತಿ. 2013ರಲ್ಲಿ ರಾಬರ್ಟ್ ಡೀನರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಹೇಳುವಂತೆ, ವರ್ಷದ ಉತ್ತರಾರ್ಧದಲ್ಲಿ ಹುಟ್ಟಿದವರನ್ನು ಎನ್‌ಎಚ್‌ಎಲ್ ತಂಡಗಳು ಡ್ರಾಫ್ಟಿನಲ್ಲಿ ಅವರ ಯೋಗ್ಯತೆಗಿಂತ ತಡವಾಗಿ ಆರಿಸುತ್ತಿದ್ದವು. ಹೊಟ್ಟೆಪಾಡಿಗೆ ಇದೇ ಕೆಲಸ ಮಾಡುವವರ ಕಣ್ಣೂ ಇಷ್ಟು ಸುಲಭವಾಗಿ ಮೋಸಹೋಗುತ್ತದೆ.

ಇನ್ನು ಮೇಲಿನ ತಂಡದ ಬಾಗಿಲಿನ ಮಾತು. ಜಸ್ಟಿನ್ ಹಾಲ್ ನಮ್ಮ ಕೊಲಿಸಿಯಂನ ಡಿಫೆನ್ಸ್ ಆಟಗಾರ. ಷಿಕಾಗೊ ತಂಡ 2010ರಲ್ಲಿ ಎರಡನೆಯ ಸುತ್ತಿನಲ್ಲಿ ಆರಿಸಿ ಕೈಬಿಟ್ಟವನು, ಇಸಿಎಚ್‌ಎಲ್‌ವರೆಗೂ ಇಳಿದು ಬಂದವನು. 2018ರ ಆರಂಭದಲ್ಲಿ ಲೀಫ್ಸ್ ಅವನನ್ನು ಎರಡು ಪಂದ್ಯಕ್ಕೆ ಕರೆಸಿತು. ಎರಡರಲ್ಲೂ ಗೋಲು ಹೊಡೆದ. ಮರುವರ್ಷ ಇಡೀ ಸೀಸನ್ ಮೇಲಿನ ತಂಡದಲ್ಲೇ ಇಟ್ಟುಕೊಂಡು ಆಡಿಸಿದ್ದು 11 ಪಂದ್ಯ. ಉಳಿದ ರಾತ್ರಿಗಳು ಸೂಟು ತೊಟ್ಟು ಮೇಲಿನ ಕೋಣೆಯಲ್ಲಿ ಕೂತು ನೋಡಿದ. 2019ರ ನವೆಂಬರಿನಲ್ಲಿ ಲೀಫ್ಸ್ ತರಬೇತುದಾರ ಮೈಕ್ ಬ್ಯಾಬ್‌ಕಾಕ್ ಕೆಲಸ ಕಳೆದುಕೊಂಡರು. ಮಾರ್ಲೀಸ್‌ನಲ್ಲಿ ಹಾಲ್‌ನನ್ನು ವರ್ಷಗಟ್ಟಲೆ ಆಡಿಸಿದ್ದ ಶೆಲ್ಡನ್ ಕೀಫ್ ಆ ಕುರ್ಚಿಗೆ ಬಂದರು. ಡಿಸೆಂಬರ್ 31ರಂದು ಹಾಲ್ ಮೂರು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದ. ಒಂದು ವರ್ಷದಲ್ಲಿ ಅವನ ಸ್ಕೇಟಿಂಗ್ ಅಷ್ಟು ಸುಧಾರಿಸಿತೇ? ಸ್ವಲ್ಪ ಸುಧಾರಿಸಿರಬಹುದು. ಹೆಚ್ಚಾಗಿ ಬದಲಾದದ್ದು ಬಾಗಿಲು ಕಾಯುವವರು.

ಬಾಗಿಲಿಗೆ ಕಾಗದಪತ್ರದ ಚಿಲಕವೂ ಇದೆ. ವೇವರ್ ಎಂಬ ನಿಯಮದ ಪ್ರಕಾರ ನಿಗದಿತ ವರ್ಷ ಅಥವಾ ಪಂದ್ಯ ದಾಟಿದ ಆಟಗಾರನನ್ನು ಕೆಳಗೆ ಕಳಿಸಬೇಕಾದರೆ ಮೊದಲು ಉಳಿದ ತಂಡಗಳ ಮುಂದಿಡಬೇಕು. ಬೇಕಾದವರು ಎತ್ತಿಕೊಂಡು ಹೋಗಬಹುದು. ಲಾಟ್ವಿಯಾದ ಗೋಲಿ ಆರ್ಟುರ್ಸ್ ಶಿಲೋವ್ಸ್ 2025ರಲ್ಲಿ ಆಬಟ್ಸ್‌ಫೋರ್ಡ್ ಕನಕ್ಸ್‌ಗೆ ಕಾಲ್ಡರ್ ಕಪ್ ಗೆದ್ದುಕೊಟ್ಟು ಪ್ಲೇಆಫ್‌ನ ಅತ್ಯುತ್ತಮ ಆಟಗಾರನಾದ. ತಿಂಗಳೊಳಗೆ ಮೇಲಿನ ತಂಡ ವ್ಯಾಂಕೂವರ್ ಅವನನ್ನು ಪಿಟ್ಸ್‌ಬರ್ಗಿಗೆ ಕೊಟ್ಟುಬಿಟ್ಟಿತು. ಮೇಲೆ ಇಬ್ಬರು ಗೋಲಿಗಳು ಆಗಲೇ ಇದ್ದರು, ಇವನನ್ನು ಸುಮ್ಮನೆ ಕೆಳಗಿಡುವ ಅವಧಿ ಮುಗಿದಿತ್ತು. ಅಷ್ಟು ಚೆನ್ನಾಗಿ ಆಡಿದ ಹುಡುಗನ ಊರನ್ನು ನಿರ್ಧರಿಸಿದ್ದು ಕ್ಯಾಲೆಂಡರು.

ಇದಕ್ಕೆ ಒಂದು ಆಕ್ಷೇಪವಿದೆ, ಗಟ್ಟಿಯಾದದ್ದೇ. ನಿಜವಾದ ಪ್ರತಿಭೆ ಬಾಗಿಲು ಒಡೆದುಕೊಂಡಾದರೂ ಬರುತ್ತದೆ ಎಂದು. ಮಾರ್ಟಿನ್ ಸೇಂಟ್ ಲೂಯಿಯ ಹೆಸರು ಎಲ್ಲರ ಬಾಯಲ್ಲೂ ಬರುತ್ತದೆ. ಐದಡಿ ಎಂಟಂಗುಲ, ಡ್ರಾಫ್ಟಿನಲ್ಲಿ ಯಾರೂ ಕೇಳಲಿಲ್ಲ, ಸೇಂಟ್ ಜಾನ್‌ನ ಎಎಚ್‌ಎಲ್ ತಂಡದಲ್ಲಿ ದುಡಿದ, 2000ದಲ್ಲಿ ಕ್ಯಾಲ್ಗರಿ ಕೈಬಿಟ್ಟಿತು. ಟಾಂಪಾ ಬೇ ಸೇರಿ 2004ರಲ್ಲಿ ಲೀಗಿನ ಅತ್ಯಧಿಕ ಪಾಯಿಂಟ್, ಅತಿ ಮೌಲ್ಯಯುತ ಆಟಗಾರ, ಸ್ಟ್ಯಾನ್ಲಿ ಕಪ್, ಮೂರೂ ಗೆದ್ದ. ಆದರೆ ಈ ಕಥೆ ನನಗೆ ತದ್ವಿರುದ್ಧವನ್ನು ಹೇಳುತ್ತದೆ. 2000ದ ಆ ಬೇಸಿಗೆಯಲ್ಲಿ ಟಾಂಪಾ ಫೋನ್ ಮಾಡದಿದ್ದರೆ ಅವನು ಯುರೋಪಿನ ಯಾವುದೋ ಊರಿನಲ್ಲಿ ಆಡಿ ಮುಗಿಸುತ್ತಿದ್ದ. ಬಾಗಿಲು ಒಡೆಯಲಾಗದ ಪ್ರತಿಭೆಗೆ ಉದಾಹರಣೆಯಾಗಿ ಅವನ ಹೆಸರು ಹೇಳಲು ನಮಗೆ ಅವನ ಹೆಸರೇ ಗೊತ್ತಿರುತ್ತಿರಲಿಲ್ಲ. ಹಾಗೆ ಹೆಸರು ಗೊತ್ತಾಗದೆ ಹೋದವರನ್ನು ಎಣಿಸುವವರು ಯಾರು?

ಹಾಗೆಂದು ಎಲ್ಲವೂ ಹಣೆಬರಹ ಎಂದು ಕೈಚೆಲ್ಲುವುದು ಸೋಮಾರಿತನ. ಹೆಗಲ ಮೇಲಿಂದ ಹಿಂದೆ ನೋಡುವ ಅಭ್ಯಾಸ ಹಣೆಬರಹದಿಂದ ಬರುವುದಿಲ್ಲ. ನಾನು ಬೇಡುವುದು ಇಷ್ಟೇ: "ಹೋಗ್ತಾನೆ" ಎನ್ನುವವನು ಯಾವ ಕೆಲಸಕ್ಕೆ, ಯಾರ ಜಾಗಕ್ಕೆ, ಎಷ್ಟರೊಳಗೆ ಎಂದೂ ಹೇಳಲಿ. ಆಗ ತಪ್ಪಾದರೂ ಎಲ್ಲಿ ತಪ್ಪಾಯಿತೆಂದು ತಿಳಿಯುತ್ತದೆ. ಆಟಗಾರನನ್ನು ತಪ್ಪಾಗಿ ಅಳೆದೆವೋ, ಬಾಗಿಲನ್ನೋ.

ಸ್ನೇಹಿತರ ಮಗ ಈಗ ಕಾಲೇಜಿನಲ್ಲಿದ್ದಾನೆ. ರಜೆಗೆ ಬಂದಾಗ ಇಬ್ಬರೂ 509 ಹತ್ತುತ್ತೇವೆ. ಕೊಲಿಸಿಯಂ ತಲುಪುವ ಮೊದಲೇ ಫೋನು ತೆಗೆದು ಏನೋ ಹುಡುಕುತ್ತಿರುತ್ತಾನೆ. ಮಾರ್ಲೀಸ್ ಪಟ್ಟಿ ಇರಬೇಕು ಅಂದುಕೊಂಡು ಕಳೆದ ಸಲ ಇಣುಕಿ ನೋಡಿದೆ. ಅವನು ತೆರೆದಿದ್ದದ್ದು ಲೀಫ್ಸ್‌ನಲ್ಲಿ ಯಾರ್ಯಾರಿಗೆ ಗಾಯವಾಗಿದೆ ಎಂಬ ಪಟ್ಟಿ. "ಎಡಗಡೆ ಡಿಫೆನ್ಸ್‌ನಲ್ಲಿ ಒಬ್ರು ಮಂಡಿ ಮುರ್ಕೊಂಡಿದ್ದಾರೆ ಅಂಕಲ್," ಅಂದ, "ಇವತ್ತು ಅವ್ರ ಜಾಗದವ್ನನ್ನ ನೋಡೋಣ."